ನಡುಮನೆಯ ಬಾಗಿಲು



ಕಳೆದ ಮಳೆಗಾಲದ ಒಂದು ಸಂಜೆ ಇಳಕಲ್ಲಿನ ನೇಕಾರ ಕುಟುಂಬವೊಂದನ್ನು ಕಾಣಲು ಹೋಗಿದ್ದೆ. ಓಣಿಯ ಉದ್ದಕ್ಕೂ ಮಗ್ಗಗಳ ಸದ್ದು ಕೇಳುತ್ತಿತ್ತು. ಆ ಮನೆಯ ಮಗ್ಗ ಮಾತ್ರ ನಿಂತಿತ್ತು. ಎರಡು ದಿನಗಳ ಹಿಂದೆ ಮನೆಯ ಮಗನ ಫೋನಿಗೆ ಪರಿಚಿತರೊಬ್ಬರ ಹೆಸರಿನಲ್ಲಿ ಮದುವೆಯ ಕರೆಯೋಲೆಯೊಂದು ಬಂದಿತ್ತಂತೆ. ಅದು ಚಿತ್ರವಾಗಿರದೆ ಫೋನಿನೊಳಗೆ ಅಳವಡಿಸಿಕೊಳ್ಳುವ ಒಂದು ಆ್ಯಪ್ ಆಗಿತ್ತು. ಫೋನು ಎರಡು ಸಲ ಎಚ್ಚರಿಸಿತು, ಅವನು ಎರಡು ಸಲವೂ ಒಪ್ಪಿಗೆಯ ಗುಂಡಿಯನ್ನು ಒತ್ತಿದ. ಯಾರ ಮದುವೆಯೆಂದು ತಿಳಿಯುವ ಆತುರ ಯಾರಿಗಿಲ್ಲ? ಅಂದು ರಾತ್ರಿ ಬ್ಯಾಂಕಿನಿಂದ ಬರುವ ಓಟಿಪಿ ಸಂದೇಶಗಳು ಎಲ್ಲಿಯೋ ಕುಳಿತ ಕಳ್ಳನ ಕೈಸೇರಿ, ರೇಷ್ಮೆ ನೂಲಿಗೆಂದು ಕೂಡಿಟ್ಟ ಹಣ ಖಾತೆಯಿಂದ ಮಾಯವಾಯಿತು. ಅಷ್ಟಕ್ಕೆ ನಿಲ್ಲದೆ ಅದೇ ಕರೆಯೋಲೆ ಅವನ ಹೆಸರಿನಲ್ಲಿ ಅವನ ಪರಿಚಿತರಿಗೆಲ್ಲ ಹೊರಟಿತು. ನನಗೂ ಬಂದಿತ್ತು.

ಆ ಫೋನು ಐದು ವರ್ಷಗಳಷ್ಟು ಹಳೆಯದು. ಮೂರು ವರ್ಷಗಳಿಂದ ಅದಕ್ಕೆ ಸುರಕ್ಷತೆಯ ಒಂದು ಅಪ್‌ಡೇಟ್ ಕೂಡ ಬಂದಿರಲಿಲ್ಲ. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿದೆ, ಇನ್ನು ಮುಂದೆ ಕೊಳ್ಳುವಾಗ ಅದನ್ನು ನೋಡಿ ಕೊಳ್ಳಬೇಕು ಎಂದು ನಾನು ವಿವರಿಸತೊಡಗಿದಾಗ, ಮೂಲೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದ ತಾಯಿ ಕೇಳಿದರು: "ರೊಕ್ಕ ಹೋತು, ಅದು ಬ್ಯಾರೆ ಮಾತು. ಆದರ ನಮ್ಮಂಥವರ ಫೋನಿನ್ಯಾಗ ಮುಚ್ಚಿಡುವಂಥದ್ದು ಏನೈತ್ರಿ ಫಾದರ್?"

ಈ ಪ್ರಶ್ನೆಯನ್ನು ನಾನು ಬೇರೆ ಬಾಯಿಗಳಿಂದಲೂ ಕೇಳಿದ್ದೇನೆ. ಬಾಗಲಕೋಟೆಯ ನವನಗರದ ಶಿಕ್ಷಕರೊಬ್ಬರು ಕೇಳಿದ್ದರು, ಹೊರದೇಶದಲ್ಲಿ ದುಡಿಯುವ ತರುಣನೊಬ್ಬ ಇದನ್ನೇ ತುಸು ಹೆಮ್ಮೆಯಿಂದ ಹೇಳಿಕೊಂಡಿದ್ದ. ತಪ್ಪು ಮಾಡದವನಿಗೆ ಮುಚ್ಚಿಡುವುದು ಏನಿದೆ ಎಂಬ ಮಾತು ಮೇಲ್ನೋಟಕ್ಕೆ ಸಜ್ಜನಿಕೆಯ ಮಾತಿನಂತೆಯೇ ತೋರುತ್ತದೆ. ಅದು ನಿಜವಾಗಿಯೂ ಸಜ್ಜನಿಕೆಯೇ ಎಂಬುದನ್ನು ನಿಮ್ಮೊಡನೆ ಕುಳಿತು ಯೋಚಿಸಬೇಕೆಂದು ಈ ಬರಹ.

ಆಲಮಟ್ಟಿಯ ಹಿನ್ನೀರು ಬರುವ ಮುನ್ನ ಹಳೆಯ ಬಾಗಲಕೋಟೆಯಲ್ಲಿದ್ದ ಮನೆಗಳು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಬಾದಾಮಿ, ಹುನಗುಂದದ ಕಡೆಯ ಹಳ್ಳಿಗಳಲ್ಲಿ ಅಂಥ ಮನೆಗಳು ಇಂದಿಗೂ ಇವೆ. ಮೊದಲು ಕಟ್ಟೆ, ಆಮೇಲೆ ಪಡಸಾಲೆ, ಅದರಾಚೆ ನಡುಮನೆ, ಅದರೊಳಗೆ ಅಡಿಗೆಮನೆ, ದೇವರ ಕೋಣೆ. ದಾರಿಹೋಕನಿಗೆ ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುವ ಹಕ್ಕಿತ್ತು. ವ್ಯಾಪಾರದವರು, ಸಾಲ ಕೇಳಲು ಬಂದವರು, ಸಾಲ ವಸೂಲಿಗೆ ಬಂದವರು ಪಡಸಾಲೆಯವರೆಗೆ. ನಡುಮನೆಗೆ ಬರುವವರು ಬೀಗರು, ಬಂಧುಗಳು. ಆ ಮನೆಯವರು ಯಾವ ಅಪರಾಧವನ್ನು ಬಚ್ಚಿಡಲೆಂದು ನಡುಮನೆಗೆ ಬಾಗಿಲು ಇಟ್ಟುಕೊಂಡಿದ್ದರು? ಬಾಣಂತಿ ಮಲಗಿರುತ್ತಾಳೆ, ಮುದುಕರು ಕೆಮ್ಮುತ್ತಿರುತ್ತಾರೆ, ಗಂಡಹೆಂಡಿರು ನಾಳೆಯ ಜೋಳದ ಲೆಕ್ಕ ಹಾಕುತ್ತಿರುತ್ತಾರೆ. ಇವುಗಳಲ್ಲಿ ಒಂದೂ ಪಾಪವಲ್ಲ, ಆದರೂ ಬಾಗಿಲು ಬೇಕು. ಗುಟ್ಟಿಗೂ ನಾಚಿಕೆಗೇಡಿಗೂ ಇರುವ ಅಂತರವನ್ನು ನಮ್ಮ ಹಿರಿಯರು ಗೋಡೆಗಳಲ್ಲಿಯೇ ಕಟ್ಟಿಟ್ಟಿದ್ದರು.

ಫೋನನ್ನಾಗಲಿ ಕಂಪ್ಯೂಟರನ್ನಾಗಲಿ ಒಂದು ಮನೆಯೆಂದು ಭಾವಿಸಿದರೆ, ಅದರ ಗೋಡೆ ಬಾಗಿಲುಗಳೆಲ್ಲ ಆಪರೇಟಿಂಗ್ ಸಿಸ್ಟಮ್‌ನ ಕೆಲಸ. ಯಾವ ಆ್ಯಪ್ ಕಟ್ಟೆಯಲ್ಲಿ ನಿಲ್ಲಬೇಕು, ಯಾವುದು ಪಡಸಾಲೆಯವರೆಗೆ ಬರಬಹುದು, ಯಾವುದಕ್ಕೆ ನಿಮ್ಮ ಫೋಟೋಗಳನ್ನೂ ನೀವಿರುವ ಸ್ಥಳವನ್ನೂ ಧ್ವನಿಯನ್ನೂ ಒಪ್ಪಿಸಬೇಕು ಎಂಬುದನ್ನು ನಡೆಸಿಕೊಡುವುದು ಅದೇ. ಮೇಲೆ ಎಷ್ಟೇ ಬೀಗ ಹಾಕಿದರೂ ಅಡಿಪಾಯದಲ್ಲಿ ಬಿರುಕಿದ್ದರೆ ಪ್ರಯೋಜನವಿಲ್ಲ. ಆ ಬಿರುಕುಗಳನ್ನು ತಯಾರಕರು ಆಗಾಗ ಮುಚ್ಚುತ್ತ ಬರುವುದನ್ನೇ ಅಪ್‌ಡೇಟ್ ಎನ್ನುತ್ತೇವೆ. ಬಂದಾಗ ನಾವು ಬೇಸರಪಟ್ಟು 'ನಾಳೆ' ಎಂದು ಒತ್ತುವುದೂ ಅದನ್ನೇ. 2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿ, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಲ್ಲುವಂತಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು ಬಿಡುಗಡೆಯಾಗಿತ್ತು.

ಈ ಬಾಗಿಲು ನಮಗೆ ಹಕ್ಕಾಗಿ ಇದೆಯೇ ಎಂಬ ಪ್ರಶ್ನೆಯನ್ನು ನಮ್ಮ ನಾಡಿನವರೇ ಒಬ್ಬರು ದೇಶದ ಮುಂದೆ ಇಟ್ಟರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ 86 ವರ್ಷ. ಮೊಮ್ಮಕ್ಕಳೊಡನೆ ಕುಳಿತು ಕಾಲ ಕಳೆಯಬಹುದಾಗಿದ್ದ ವಯಸ್ಸು. ಖಾಸಗಿತನವೆಂಬುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೇ ಹೌದು ಎಂದು ತೀರ್ಪಿತ್ತಿತು. ಆ ಪೀಠದಲ್ಲಿ ಮೂಡುಬಿದಿರೆಯ ಬಳಿಯ ಬೆಳುವಾಯಿಯವರಾದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಅವರೂ ಇದ್ದರು. ಮರುವರ್ಷ ಆಧಾರ್ ಯೋಜನೆಯನ್ನು ನ್ಯಾಯಾಲಯ ಬಹುಮಟ್ಟಿಗೆ ಎತ್ತಿಹಿಡಿಯಿತೆಂಬುದು ನಿಜ. ಆದರೆ ಹಕ್ಕಿನ ಮಾತು ಅಲ್ಲಿಗೆ ಸ್ಥಿರವಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 220ನೆಯ ಕಲಮು ಕೂಡ ಒಬ್ಬರ ಒಳ್ಳೆಯ ಹೆಸರನ್ನು ಅನ್ಯಾಯವಾಗಿ ಕೆಡಿಸುವುದನ್ನೂ ಅವರ ಖಾಸಗಿತನವನ್ನು ಭಂಗಪಡಿಸುವುದನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಗುರುಮಠದಲ್ಲಿ ಅದನ್ನು ಓದುವಾಗ, ಹೆಚ್ಚೆಂದರೆ ಯಾರದೋ ಪತ್ರವನ್ನು ಒಡೆದು ಓದಬಾರದೆಂಬ ಅರ್ಥವಷ್ಟೇ ನಮ್ಮ ತಲೆಗೆ ಹೊಳೆದಿತ್ತು.

ಹಕ್ಕೆಂದ ಮೇಲೆ ಬಿಟ್ಟುಕೊಡುವ ಸ್ವಾತಂತ್ರ್ಯವೂ ನನ್ನದೇ ಅಲ್ಲವೇ ಎಂದು ನೀವು ಕೇಳಬಹುದು. ನನ್ನ ಹೊಲದ ಬೇಲಿ ನಾನು ಕಿತ್ತರೆ ನಿಮಗೇನು? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಇಳಕಲ್ಲಿನ ಆ ತಾಯಿಯೇ ನನ್ನ ಎಣಿಕೆಯನ್ನು ತಿದ್ದಿದರು. ಹೊರಡುವಾಗ ಅವರು ಕೇಳಿದ್ದು ಇಷ್ಟೇ: "ನಿಮ್ಮ ಫೋನಿನ್ಯಾಗ ನಮ್ಮ ನಂಬರ್ ಐತೇನ್ರಿ?" ಇತ್ತು. ನಂಬರಿನ ಜೊತೆಗೆ ಅವರ ಮಗಳ ಮದುವೆ ಮುರಿದುಬಿದ್ದ ಸಂಗತಿಯ ಕುರಿತು ನಾನು ಬರೆದುಕೊಂಡ ನಾಲ್ಕು ಸಾಲೂ ಇತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ನನ್ನ ಫೋನಿನಲ್ಲಿರುವುದು ಬಹುಪಾಲು ನನ್ನದಲ್ಲ. ಧರ್ಮಕೇಂದ್ರದ ಮನೆಗಳ ನಂಬರುಗಳು, ಸಾಲದ ಕಷ್ಟ ಹೇಳಿಕೊಂಡ ಸಂದೇಶಗಳು, ಕುಡಿತ ಬಿಡಿಸಲು ಸಹಾಯ ಕೇಳಿದ ಹೆಂಡತಿಯ ಧ್ವನಿಮುದ್ರಣ, ಆಸ್ಪತ್ರೆಯ ವರದಿಯ ಚಿತ್ರ. ಪಾಪನಿವೇದನೆಯಲ್ಲಿ ಕೇಳಿದ್ದು ಎಲ್ಲಿಯೂ ದಾಖಲಾಗುವುದಿಲ್ಲ, ದೇವರಿಗೆ ಸ್ತೋತ್ರ. ಆದರೆ ನಿವೇದನಾ ಪೀಠದ ಹೊರಗೆ ಜನರು ನಂಬಿ ಹೇಳಿದ್ದಕ್ಕೆ ಬೆಲೆಯಿಲ್ಲವೇ? ನನ್ನ ಬಳಿ ಮುಚ್ಚಿಡುವುದು ಏನೂ ಇಲ್ಲವೆಂದು ನಾನು ಘೋಷಿಸಿದಾಗ, ಈ ಎಲ್ಲರ ಪರವಾಗಿ, ಅವರನ್ನು ಕೇಳದೆ ಸಹಿ ಹಾಕಿದಂತಾಗುತ್ತದೆ. ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಊರಿನ ಗರ್ಭಿಣಿಯರ ವಿವರವಿದೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವವಳ ಬಳಿ ಯಾರು ಎಷ್ಟು ಕಂತು ಕಟ್ಟಿಲ್ಲವೆಂಬುದಿದೆ. ಶಾಲೆಯ ಗುಮಾಸ್ತರ ಕಂಪ್ಯೂಟರಿನಲ್ಲಿ ನಿಮ್ಮ ಮಕ್ಕಳ ಆಧಾರ್ ಪ್ರತಿಗಳಿವೆ. 2023ರಲ್ಲಿ ಮಂಗಳೂರಿನ ಕಡೆಯೂ ಬೆಂಗಳೂರಿನಲ್ಲಿಯೂ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಪಾಸ್‌ವರ್ಡನ್ನು ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು.

ಇನ್ನೊಂದು ಘಟನೆ ನಮ್ಮ ವಲಯಕ್ಕೇ ಹತ್ತಿರದ್ದು. 2021ರ ಜುಲೈನಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಗುರುವೊಬ್ಬರು ರಾಜೀನಾಮೆ ಕೊಡಬೇಕಾಯಿತು. ಅವರ ಫೋನಿನ ಆ್ಯಪೊಂದು ಹೊರಗೆ ಕಳಿಸುತ್ತಿದ್ದ ಸ್ಥಳದ ವಿವರಗಳು ಮಾರುಕಟ್ಟೆಯಲ್ಲಿ ಸಿಗುವ ಸರಕಾಗಿದ್ದವು. ಹೆಸರಿಲ್ಲದ ಆ ವಿವರಗಳನ್ನು ಅವರು ಮಲಗುವ ಮನೆ, ದುಡಿಯುವ ಕಚೇರಿಗಳಿಗೆ ಹೊಂದಿಸಿ ನೋಡಿ ಸುದ್ದಿಸಂಸ್ಥೆಯೊಂದು ಅವರನ್ನು ಗುರುತಿಸಿತು. ಅವರ ನಡತೆಯ ವಿಚಾರಣೆ ನನ್ನ ಕೆಲಸವಲ್ಲ. ನಾನು ಕೇಳುವುದು, ಅದೇ ಸಂತೆಯಲ್ಲಿ ನನ್ನ ನಿಮ್ಮ ನಡಿಗೆಯೂ ತೂಕಕ್ಕೆ ಬಿದ್ದಿರಬಹುದಲ್ಲವೇ ಎಂದು. ವೈದ್ಯರ ಬಳಿಗೆ, ವಕೀಲರ ಬಳಿಗೆ, ಗುರುವಿನ ಬಳಿಗೆ ಹೋಗಿಬಂದ ಹೆಜ್ಜೆಗಳೂ ಅದರಲ್ಲಿ ಸೇರಿವೆ.

ಹಾಗಾದರೆ ಯಾರನ್ನು ನಂಬಬೇಕು? ಇಲ್ಲಿ ವಿಷಯ ಸ್ವಲ್ಪ ಕಠಿಣವಾಗುತ್ತದೆ. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕರ್ತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, 1984ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ಸಂಪೂರ್ಣವಾಗಿ ತಾನೇ ಬರೆಯದ ತಂತ್ರಾಂಶವನ್ನು ಯಾರೂ ಪೂರ್ಣವಾಗಿ ನಂಬಲಾರರೆಂದು ತೋರಿಸಿಕೊಟ್ಟರು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಉಪಕರಣದೊಳಗೇ ಕಳ್ಳಬಾಗಿಲನ್ನು ಅಡಗಿಸಬಹುದು; ಬರೆದ ಪುಟಗಳನ್ನು ಎಷ್ಟು ಓದಿದರೂ ಅದು ಕಾಣಿಸದು. ಹಾಗೆಂದು ನಾವೆಲ್ಲ ನಮ್ಮ ತಂತ್ರಾಂಶವನ್ನು ನಾವೇ ಬರೆದುಕೊಳ್ಳಲು ಸಾಧ್ಯವೇ? ನಂಬಿಕೆ ಅನಿವಾರ್ಯ. ಪ್ರಶ್ನೆಯಿರುವುದು ಕುರುಡು ನಂಬಿಕೆ ಯಾವುದು, ಕಣ್ಣಿರುವ ನಂಬಿಕೆ ಯಾವುದು ಎಂಬಲ್ಲಿ. ದೇವಶಾಸ್ತ್ರ ಓದಿದವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಇಳಕಲ್ ಸೀರೆಯನ್ನು ಕೊಳ್ಳುವ ಪರವೂರಿನವರಿಗೆ ಕೈಮಗ್ಗದ್ದು ಯಾವುದು, ಅದರಂತೆ ಕಾಣುವ ವಿದ್ಯುತ್‌ಮಗ್ಗದ್ದು ಯಾವುದು ಎಂದು ತಿಳಿಯುವುದಿಲ್ಲ. ಸೀರೆಯ ಒಡಲಿಗೆ ಟೋಪು ತೆನೆಯ ಸೆರಗನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕಸಬು ಬಲ್ಲವರು ಮಾತ್ರ ಬಟ್ಟೆಯನ್ನು ತಿರುವಿ ನೋಡಿ ಹೇಳಬಲ್ಲರು. ಕೊಳ್ಳುವವನಿಗೆ ಆ ವಿದ್ಯೆ ಬೇಕಿಲ್ಲ. ಆದರೆ ಸೀರೆಯನ್ನು ತಿರುವಿ ನೋಡಲು ಅಂಗಡಿಯವನು ಬಿಡಬೇಕು, ಬಲ್ಲವನೊಬ್ಬ ಓಣಿಯಲ್ಲಿರಬೇಕು, ಅವನು ಅಂಗಡಿಯವನ ಸಂಬಳದಾಳಾಗಿರಬಾರದು. ಮುಕ್ತ ತಂತ್ರಾಂಶ ಎನ್ನುವುದು ಹೀಗೆ ತಿರುವಿ ನೋಡಬಹುದಾದ ಸೀರೆ. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂಥದ್ದು. ಅದರ ಮೇಲೆ ಕಟ್ಟಿದ ಉಬುಂಟು, ಡೆಬಿಯನ್, ಮಿಂಟ್ ಮೊದಲಾದವು ಉಚಿತವಾಗಿ, ಕನ್ನಡ ಲಿಪಿಯ ಬೆಂಬಲದೊಡನೆ ದೊರೆಯುತ್ತವೆ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ನಮ್ಮ ರಕ್ಷಣಾ ಸಚಿವಾಲಯವೂ 2023ರಲ್ಲಿ ಉಬುಂಟು ಆಧಾರಿತ 'ಮಾಯಾ' ಎಂಬ ವ್ಯವಸ್ಥೆಯತ್ತ ಹೊರಳಿತು.

ತಿರುವಿ ನೋಡಬಹುದು ಎಂದಮಾತ್ರಕ್ಕೆ ಯಾರಾದರೂ ನೋಡುತ್ತಿದ್ದಾರೆ ಎಂದಲ್ಲ. ಲಿನಕ್ಸ್ ಬಳಗದ ಎಕ್ಸ್‌ಝಡ್ ಎಂಬ ಚಿಕ್ಕ ಉಪಕರಣವನ್ನು ಒಬ್ಬನೇ ಸ್ವಯಂಸೇವಕ ದಣಿದು ನೋಡಿಕೊಳ್ಳುತ್ತಿದ್ದ. ಸಹಾಯಕನಂತೆ ಬಂದವನೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಅದರಲ್ಲಿ ಕಳ್ಳಬಾಗಿಲೊಂದನ್ನು ಸೇರಿಸಿಬಿಟ್ಟ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಯಾವುದೋ ಕೆಲಸ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಬೆನ್ನುಹತ್ತಿ ಹೋಗಿ ಅದನ್ನು ಪತ್ತೆಹಚ್ಚಿದರು. ಮುಚ್ಚಿದ ತಂತ್ರಾಂಶವಾಗಿದ್ದರೆ ಹೊರಗಿನವರೊಬ್ಬರಿಗೆ ಹಾಗೆ ಬೆನ್ನುಹತ್ತುವ ದಾರಿಯೇ ಇರುತ್ತಿರಲಿಲ್ಲ. ಆದರೂ ಆ ಅರ್ಧ ಸೆಕೆಂಡನ್ನು ನೆನೆದರೆ ನನಗೆ ಇಂದಿಗೂ ಅಳುಕಾಗುತ್ತದೆ.

ಫೋನಿನ ವಿಷಯದಲ್ಲಿ ಆಯ್ಕೆ ಇನ್ನೂ ಕಿರಿದು. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಆಂಡ್ರಾಯ್ಡ್. ಅದರ ಅಡಿಪಾಯ ಮುಕ್ತವಾದದ್ದೇ. ಆದರೆ ಅದರ ಮೇಲೆ ಗೂಗಲ್ ಕಂಪನಿ ಹಾಕಿರುವ ಸೇವೆಗಳು ಮುಚ್ಚಿದವು, ಆ ಕಂಪನಿಯ ಆದಾಯದ ಬಹುಪಾಲು ಜಾಹೀರಾತಿನಿಂದ ಬರುವಂಥದ್ದು. ಜಾಹೀರಾತಿಗೆ ನಿಮ್ಮ ಪರಿಚಯ ಬೇಕು. ಆಪಲ್ ಕಂಪನಿ ಮುಖ್ಯವಾಗಿ ಸಾಧನ ಮಾರಿ ಬದುಕುತ್ತದೆ. 2021ರಿಂದ ಅದರ ಫೋನುಗಳಲ್ಲಿ ಬೇರೆ ಆ್ಯಪುಗಳು ನಿಮ್ಮ ಬೆನ್ನುಹತ್ತಬೇಕಾದರೆ ನಿಮ್ಮ ಒಪ್ಪಿಗೆ ಕೇಳಲೇಬೇಕು. ಆದರೆ ಅದರ ತಂತ್ರಾಂಶವನ್ನು ತಿರುವಿ ನೋಡುವಂತಿಲ್ಲ, ಬೆಲೆಯೋ ಒಂದು ಮಗ್ಗದಷ್ಟು. ಗೂಗಲ್‌ನ ಸೇವೆಗಳಿಲ್ಲದೆ ಬಾಳಬಯಸುವವರಿಗಾಗಿ ಗ್ರಾಫೀನ್ ಓಎಸ್ ಎಂಬ ಉಚಿತ ವ್ಯವಸ್ಥೆಯಿದೆ, ಸುರಕ್ಷತೆಯಲ್ಲಿ ಅದಕ್ಕೆ ದೊಡ್ಡ ಹೆಸರು. ವಿಚಿತ್ರವೆಂದರೆ ಅದು ನೆಲೆ ಕಂಡುಕೊಂಡದ್ದು ಗೂಗಲ್ ಮಾರುವ ಪಿಕ್ಸೆಲ್ ಫೋನುಗಳಲ್ಲಿಯೇ! ಕೆಲವು ಬ್ಯಾಂಕುಗಳ ಆ್ಯಪುಗಳು ಇಂಥ ವ್ಯವಸ್ಥೆಗಳಲ್ಲಿ ನಡೆಯಲು ಒಪ್ಪುವುದಿಲ್ಲ. ಸಂತೆಯಲ್ಲಿ ಮೆಣಸಿನಕಾಯಿಗೂ ಫೋನಿನಿಂದ ಹಣ ಕೊಡುವ ಕಾಲದಲ್ಲಿ ಇದು ಸಣ್ಣ ತೊಡಕಲ್ಲ.

ಆದ್ದರಿಂದ ಎಲ್ಲರೂ ಗ್ರಾಫೀನ್ ಹಾಕಿಸಿಕೊಳ್ಳಿ, ಎಲ್ಲರೂ ದುಬಾರಿ ಫೋನು ಕೊಳ್ಳಿ ಎಂದು ನಾನು ಹೇಳಲಾರೆ. ದಿನಗೂಲಿಯ ಮೇಲೆ ಅಂಥ ಹೊರೆ ಹೊರಿಸುವುದು ನೀತಿಬೋಧೆಯಲ್ಲ, ನಿಷ್ಕರುಣೆ. ಯಾರ ಬಳಿ ಇತರರ ಗುಟ್ಟು ಹೆಚ್ಚಾಗಿದೆಯೋ ಅವರ ಹೊಣೆಯೂ ಹೆಚ್ಚು ಎಂಬುದಷ್ಟೇ ನನ್ನ ತೀರ್ಮಾನ. ಮೊದಲ ಸಾಲಿನಲ್ಲಿ ನಿಲ್ಲಬೇಕಾದವರು ಗುರುಗಳು, ಶಾಲೆಗಳು, ಆಸ್ಪತ್ರೆಗಳು. ಉಳಿದವರು ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಎಂದು ಕೇಳುವ ಬಾಯಿಂದಲೇ, ಎಷ್ಟು ವರ್ಷ ಸುರಕ್ಷತೆಯ ಅಪ್‌ಡೇಟ್ ಬರುತ್ತದೆ ಎಂದೂ ಕೇಳಬೇಕು. 2023ರ ಪಿಕ್ಸೆಲ್ 8, 2024ರ ಸ್ಯಾಮ್‌ಸಂಗ್ ಎಸ್24ರಿಂದ ಆಚೆಗೆ ಈ ಎರಡು ಕಂಪನಿಗಳು ತಮ್ಮ ಉನ್ನತ ಫೋನುಗಳಿಗೆ ಏಳು ವರ್ಷಗಳ ಮಾತು ಕೊಟ್ಟಿವೆ. ಅಗ್ಗದವುಗಳಲ್ಲಿ ಈ ಅವಧಿ ಬಹಳ ಕಡಿಮೆ. ಆದರೆ ಅವುಗಳಲ್ಲಿಯೇ ಒಂದಕ್ಕೂ ಇನ್ನೊಂದಕ್ಕೂ ಎರಡು ವರ್ಷಗಳ ಅಂತರ ಇರುವುದುಂಟು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಓದಿದ ಮಕ್ಕಳು ತಯಾರಕರ ಜಾಲತಾಣದಲ್ಲಿ ನೋಡಿ ಹೇಳಬಲ್ಲರು. ನಿಮ್ಮ ಈಗಿನ ಫೋನಿನ ಸೆಟ್ಟಿಂಗ್ಸ್‌ನಲ್ಲಿಯೂ ಕೊನೆಯ ಸುರಕ್ಷತಾ ಅಪ್‌ಡೇಟಿನ ದಿನಾಂಕ ಬರೆದಿರುತ್ತದೆ.

ಸರ್ಕಾರಗಳೇ ಬೆನ್ನುಬಿದ್ದರೆ ಏನು ಮಾಡುವುದೆಂದು ತರುಣರು ಕೇಳುತ್ತಾರೆ. 2021ರಲ್ಲಿ ಪೆಗಾಸಸ್ ಎಂಬ ಗೂಢಚಾರಿ ತಂತ್ರಾಂಶದ ಗದ್ದಲವೆದ್ದಾಗ ಸುಪ್ರೀಂ ಕೋರ್ಟು, ಹಿಂದೆ ನಮ್ಮ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲುಸ್ತುವಾರಿಯಲ್ಲಿ ತನಿಖೆ ಮಾಡಿಸಿತು. ಪರೀಕ್ಷೆಗೆ ಬಂದ 29 ಫೋನುಗಳಲ್ಲಿ ಐದರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಅಂಥ ಬೇಟೆಗಾರನ ಮುಂದೆ ಉತ್ತಮ ಫೋನೂ ಸೋಲಬಹುದು. ನಮ್ಮ ಓಣಿಗೆ ಬರುವ ಕಳ್ಳ ಮದುವೆಯ ಕರೆಯೋಲೆ ಹಿಡಿದು ಬರುತ್ತಾನೆ, ಅವನಿಗೆ ನಮ್ಮ ಹಳೆಯ ಬಾಗಿಲೇ ಸಾಕು.

ಇನ್ನು ನನ್ನ ತಪ್ಪೊಪ್ಪಿಗೆ. ನಮ್ಮ ಧರ್ಮಕೇಂದ್ರದ ಕಚೇರಿಯ ಕಂಪ್ಯೂಟರಿನಲ್ಲಿ ಬಹಳ ವರ್ಷ ವಿಂಡೋಸ್ ಇತ್ತು, ಅದೂ ಹಣ ಕೊಡದೆ ಹಾಕಿಸಿಕೊಂಡದ್ದು. ದೀಕ್ಷಾಸ್ನಾನ, ವಿವಾಹಗಳ ದಾಖಲೆಗಳ ಪ್ರತಿ ಅದರಲ್ಲಿಯೇ ಇದ್ದವು. ಕದಿಯಬಾರದೆಂದು ಭಾನುವಾರ ಬೋಧಿಸಿ, ಸೋಮವಾರ ಕದ್ದ ತಂತ್ರಾಂಶದಲ್ಲಿ ಆ ಬೋಧನೆಯನ್ನೇ ಅಚ್ಚು ಹಾಕುತ್ತಿದ್ದೆ. ಬೀಗ ಒಡೆದು ತಂದ ಪ್ರತಿಯಲ್ಲಿ ಒಡೆದವನು ಇನ್ನೇನು ಸೇರಿಸಿದ್ದಾನೋ ಬಲ್ಲವರಾರು? 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಯಂತ್ರಕ್ಕೆ ವಿಂಡೋಸ್ 11 ಒಗ್ಗಲಿಲ್ಲ. ಆಗ ಯುವಕರಿಬ್ಬರು ಒಂದು ಶನಿವಾರವಿಡೀ ಕುಳಿತು ಲಿನಕ್ಸ್ ಮಿಂಟ್ ಹಾಕಿದರು. ಸುಲಭವಾಯಿತೆಂದು ಹೇಳಿದರೆ ಸುಳ್ಳಾದೀತು. ಇಪ್ಪತ್ತು ವರ್ಷಗಳ ಪತ್ರಗಳೆಲ್ಲ ನುಡಿಯ ಹಳೆಯ ಅಕ್ಷರಗಳಲ್ಲಿದ್ದವು, ಅವನ್ನು ಒಂದೊಂದಾಗಿ ಯೂನಿಕೋಡ್‌ಗೆ ತಿರುಗಿಸಬೇಕಾಯಿತು. ಒತ್ತಕ್ಷರಗಳು ಹಲವೆಡೆ ಚೆಲ್ಲಾಪಿಲ್ಲಿಯಾದವು. ಕಚೇರಿಯ ಅಕ್ಕನವರು ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಮನೆಯೊಳಗಿನ ಬಾಗಿಲಿನ ಬಗ್ಗೆ ಒಂದು ಮಾತನ್ನು ಬಿಡಲಾರೆ. ಹೊರಗಿನ ಕಂಪನಿ ನೋಡಬಾರದೆನ್ನುವ ಅಪ್ಪ, ಕಾಲೇಜಿಗೆ ಹೋಗುವ ಮಗಳ ಫೋನನ್ನು ದಿನವೂ ತೆರೆದು ಓದುವುದು ಸರಿಯೇ? ಹತ್ತು ವರ್ಷದ ಮಗುವಿನ ಮೇಲೆ ಕಣ್ಣಿಡುವುದು ತಂದೆತಾಯಿಯ ಕರ್ತವ್ಯ. ಹತ್ತೊಂಬತ್ತರ ಮಗಳ ಫೋನನ್ನು ಅವಳಿಗೆ ತಿಳಿಯದಂತೆ ಓದುವುದು ಅವಳನ್ನು ಸುಳ್ಳು ಹೇಳಲು ಕಲಿಸುವ ದಾರಿ. ಕುಡಿದು ಹೊಡೆಯುವ ಗಂಡನಿರುವ ಮನೆಯಲ್ಲಿ, ಹೆಂಡತಿಯ ಫೋನಿನ ಬೀಗವೇ ಆಕೆಗೆ ಉಳಿದಿರುವ ಒಂದೇ ಬಾಗಿಲಾಗಿರಬಹುದು. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವುದಾದರೆ ಒಬ್ಬೊಬ್ಬರಿಗೂ ಬೇರೆ ಖಾತೆ ತೆರೆಯುವ ಸೌಲಭ್ಯ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಇದೆ; ಹಲವು ಆಂಡ್ರಾಯ್ಡ್ ಫೋನುಗಳಲ್ಲಿಯೂ ಉಂಟು.

ಇಳಕಲ್ಲಿನ ಮನೆಯ ಮಗ ಈಗ ಬೇರೊಂದು ಫೋನು ಕೊಂಡಿದ್ದಾನೆ. ಹೊಸದಲ್ಲ, ಒಬ್ಬರು ಬಳಸಿ ಮಾರಿದ್ದು; ಆದರೆ ಅದಕ್ಕೆ ಇನ್ನೂ ಮೂರು ವರ್ಷ ಅಪ್‌ಡೇಟ್ ಬರಲಿದೆ ಎಂದು ನೋಡಿಯೇ ಕೊಂಡ. ಕಳೆದುಹೋದ ಹಣ ಮರಳಿಲ್ಲ. ಪೊಲೀಸರಿಗೂ 1930 ಸಹಾಯವಾಣಿಗೂ ದೂರು ಕೊಡುವಷ್ಟರಲ್ಲಿ ತಡವಾಗಿತ್ತು. ಮಗ್ಗ ಮತ್ತೆ ನಡೆಯುತ್ತಿದೆ.

ನನ್ನದು ಈಗಲೂ ಸಾಧಾರಣ ಆಂಡ್ರಾಯ್ಡ್ ಫೋನೇ. ಗ್ರಾಫೀನ್ ಹಾಕಿಕೊಳ್ಳಲು ತಕ್ಕ ಫೋನು ನನ್ನಲ್ಲಿಲ್ಲ, ಬ್ಯಾಂಕಿನ ಆ್ಯಪ್ ಬಿಟ್ಟರೆ ಧರ್ಮಕೇಂದ್ರದ ಲೆಕ್ಕ ನಡೆಯುವುದಿಲ್ಲ. ಒಂದನ್ನು ಮಾತ್ರ ಮಾಡಿದೆ. ಮನೆಮನೆಯ ಕಷ್ಟಗಳ ಬಗ್ಗೆ ಬರೆದುಕೊಂಡಿದ್ದ ಟಿಪ್ಪಣಿಗಳನ್ನೆಲ್ಲ ಫೋನಿನಿಂದ ಅಳಿಸಿ, ಹಳೆಯ ರಟ್ಟಿನ ನೋಟುಪುಸ್ತಕಕ್ಕೆ ಮತ್ತೆ ಬರೆದುಕೊಂಡೆ. ಅದು ಕೋಣೆಯ ಕಪಾಟಿನಲ್ಲಿದೆ, ಕೀಲಿಕೈ ಒಂದೇ. ಮೊನ್ನೆ ತೆರೆದು ನೋಡಿದರೆ ಕಪಾಟಿನ ಹಿಂಬದಿಗೆ ಗೆದ್ದಲು ಹತ್ತಿದೆ.